ಮಾವನ ದನಿಗೆ ತಂದ ಸೋಲ್ಡರಿಂಗ್ ಐರನ್

ನಮ್ಮ ಮನೆಗೆ ಸೋಲ್ಡರಿಂಗ್ ಐರನ್ ಬಂದದ್ದು ಮಾವನ ಗಂಟಲಿನ ಸಲುವಾಗಿ. ಹೀಗೆಂದರೆ ಕೇಳಿದವರು ಹೌಹಾರುತ್ತಾರೆ, ಅದಕ್ಕೇ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ಮಾವನಿಗೆ ಗಂಟಲು ಕ್ಯಾನ್ಸರ್ ಆಯಿತು. ಬೀಡಿ, ಇನ್ನೇನು! ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕತ್ತಿನಲ್ಲಿ ಒಂದು ತೂತು ಮಾಡಿ ಮನೆಗೆ ಕಳಿಸಿದರು. ಕಾರ್ಖಾನೆಯಲ್ಲಿ ಫಿಟರ್ ಆಗಿ, ಯಂತ್ರಗಳ ಸದ್ದನ್ನು ಮೀರಿಸಿ ಕೂಗಿ ಕೂಗಿಯೇ ಮಾತಾಡಿ ಬದುಕಿದ ಮನುಷ್ಯ ಅವರು. ಒಂಟಿಕೊಪ್ಪಲಿನ ನಮ್ಮ ಬೀದಿಯ ಆ ತುದಿಯಲ್ಲಿ ಯಾರನ್ನಾದರೂ ಬೈದರೆ ಈ ತುದಿಯಲ್ಲಿ ಅತ್ತೆ ಕಾಫಿಗೆ ನೀರಿಡುತ್ತಿದ್ದರು. ಹೆಂಡತಿಯನ್ನು ಹೆಸರು ಹಿಡಿದು ಕರೆದವರೂ ಅಲ್ಲ. "ಇವಳೇ" ಅನ್ನುವುದು, ಅದರ ಬೆನ್ನಿಗೇ ಒಂದು ಬೈಗುಳ. ಅಷ್ಟರಲ್ಲೇ ಅವರ ಸಂಸಾರ ನಡೆದಿತ್ತು.

ಮಾತು ಕಲಿಸುವ ಆಸ್ಪತ್ರೆಯವರು ಒಂದು ಮೆಷಿನ್ ಕೊಡಿಸಿದರು. ಸಣ್ಣ ಟಾರ್ಚಿನಷ್ಟಿತ್ತು. ಅದನ್ನು ಕತ್ತಿಗೆ ಒತ್ತಿಕೊಂಡು, ಗುಂಡಿ ಅದುಮಿ ತುಟಿ ಆಡಿಸಿದರೆ, ಒಳಗಿನ ಗುಂಯ್ ಅನ್ನುವ ಸದ್ದೇ ಮಾತಾಗಿ ಬಾಯಿಂದ ಬರುತ್ತಿತ್ತು. ಏರಿಲ್ಲ, ಇಳಿವಿಲ್ಲ. ಯಾರು ಹಿಡಿದರೂ ಅದೇ ದನಿ. ಒಂದು ಸಲ ಆಸ್ಪತ್ರೆಯ ವರಾಂಡದಲ್ಲಿ ಹಿಂದಿನ ಬೆಂಚಿನಿಂದ ಆ ದನಿ ಕೇಳಿ ಅತ್ತೆ "ಬಂದೆ" ಅಂತ ಎದ್ದೇಬಿಟ್ಟರು. ತಿರುಗಿ ನೋಡಿದರೆ ಯಾರೋ ಬೇರೆ ರೋಗಿ. ಅತ್ತೆ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು ಕೂತರು.

ಮೆಷಿನ್ ಹಿಡಿದು ಮನೆಗೆ ಬಂದ ಮಾವ ಆಡಿದ ಮೊದಲ ಮಾತು, "ಸಾರಿಗೆ ಉಪ್ಪಿಲ್ಲ." ದನಿ ಹೋದರೂ ಬುದ್ಧಿ ಹೋಗಲಿಲ್ಲವಲ್ಲ ಅಂತ ನಾನು ಅಡುಗೆಮನೆಯಲ್ಲಿ ನಕ್ಕೆ. ಅತ್ತೆ ಕಣ್ಣೊರೆಸಿಕೊಂಡು ಉಪ್ಪು ತಂದು ಬಡಿಸಿದರು.

ಮೆಷಿನ್ ಹೊಸದಾಗಿರಲಿಲ್ಲ, ತೀರಿಹೋದ ಯಾರದೋ. ಅದರ ಬ್ಯಾಟರಿಯ ಕೆಂಪು ತಂತಿ ಮೇಲಿಂದ ಮೇಲೆ ಕಿತ್ತುಬರುತ್ತಿತ್ತು. ಟಿವಿ ರಿಪೇರಿಯವನಿಗೆ ಕೊಟ್ಟರೆ ನಾಳೆ ಬನ್ನಿ, ನಾಡಿದ್ದು ಬನ್ನಿ ಅನ್ನುವನು. ಅಲೆದು ಅಲೆದು ಚಪ್ಪಲಿ ಸವೆಯಿತು. ಅಷ್ಟು ದಿನವೂ ಮಾವ ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದರು. ಬೇಕಾದ್ದು ಏನೆಂದು ನಮಗೆ ತಿಳಿಯದಿದ್ದರೆ ಲೋಟವನ್ನೇ ಎಸೆಯುತ್ತಿದ್ದರು. ನೋಡುವವರಿಗೆ ಕೋಪ, ಹತ್ತಿರ ಹೋದರೆ ಕಣ್ಣಲ್ಲಿ ನೀರು. ಕಿತ್ತ ತಂತಿ ಬೆಸೆಯಲು ನಾವೇ ಒಂದು ಐರನ್ ಇಟ್ಟುಕೊಳ್ಳಬೇಕು ಅಂತ ನಾನು ಹಟ ಹಿಡಿದೆ.

ನನ್ನ ಗಂಡ ಇಲವಾಲದ ಹತ್ತಿರದ ಕೆಲಸದಿಂದ ಬರುವಾಗ ಫುಟ್‌ಪಾತಿನಲ್ಲಿ ಒಂದು ಹಿಡಿದುಕೊಂಡು ಬಂದರು. ಅಗ್ಗವೋ ಅಗ್ಗ. ಪ್ಲಗ್ಗಿಗೆ ಸಿಕ್ಕಿಸಿದ ಸ್ವಲ್ಪ ಹೊತ್ತಿಗೆ ಹಿಡಿ ಮೆತ್ತಗಾಯಿತು, ಮನೆಯೆಲ್ಲ ಸುಟ್ಟ ವಾಸನೆ. ತುದಿಯಂತೂ ಕಪ್ಪಿಟ್ಟು ಬೆಸುಗೆಯ ಸೀಸವನ್ನು ಮುಟ್ಟಿಸಿಕೊಳ್ಳಲೇ ಇಲ್ಲ. ಕೊನೆಗೆ ನನ್ನ ಕೈಗೆ ಶಾಕ್ ಬೇರೆ ಹೊಡೆಯಿತು. ಮಾವ ಆಗ ಮೂಗರಾಗಿದ್ದರು. ಆದರೂ ಮಗನ ಕಡೆ ನೋಡಿದ ನೋಟದಲ್ಲೇ ಎಲ್ಲವನ್ನೂ ಬೈದು ಮುಗಿಸಿದರು.

ಹೇಗೋ ಟಿವಿಯವನನ್ನು ಕಾಡಿ ಬೇಡಿ ಮೆಷಿನ್ ಸರಿಮಾಡಿಸಿಕೊಂಡು, ಮಾವನನ್ನು ಜೊತೆಗೆ ಕರೆದುಕೊಂಡು ಶಿವರಾಂಪೇಟೆಗೆ ಹೋದೆ. ಅಂಗಡಿಯಾತ ಎರಡು ತೆಗೆದಿಟ್ಟ, ಒಂದು ಇಪ್ಪತ್ತೈದು ವ್ಯಾಟಿನದು, ಇನ್ನೊಂದು ಅರವತ್ತರದು. ಮಾವ ಚಿಕ್ಕದನ್ನು ಎತ್ತಿ ನೋಡಿ, ಮೆಷಿನ್ ಕತ್ತಿಗಿಟ್ಟುಕೊಂಡು ಕೇಳಿದರು, "ಇದೇನು, ಊದುಗಡ್ಡಿನಾ?"

ಅಂಗಡಿಯಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು. ಒಬ್ಬ ಹೆಂಗಸು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ನನಗೆ ಮೈ ಉರಿದುಹೋಯಿತು. ಅಂಗಡಿಯಾತ ಮಾತ್ರ ಏನೂ ಆಗದವನಂತೆ, "ನಿಮ್ಗೆ ಬಕೆಟ್ ತೂತು ಮುಚ್ಬೇಕಾದ್ರೆ ದೊಡ್ಡದು ತಗೊಳ್ಳಿ ಸಾರ್. ಸಣ್ಣ ತಂತಿಗಾದ್ರೆ ಇದೇ ಸರಿ," ಅಂದ.

"ಸುಮ್ನೆ ಹೇಳ್ಬೇಡ, ತೋರ್ಸು."

ಆತ ಎರಡನ್ನೂ ಕಾಯಿಸಿ ಮಾವನ ಕೈಗೇ ಕೊಟ್ಟ. ದೊಡ್ಡದನ್ನು ಮುಟ್ಟಿಸಿದ ಕೂಡಲೇ ತಂತಿಯ ಮೇಲಿನ ಪ್ಲಾಸ್ಟಿಕ್ ಸುಟ್ಟುಕೊಂಡು ಹಿಂದಕ್ಕೆ ಸರಿಯಿತು. ಚಿಕ್ಕದರಲ್ಲಿ ಸೀಸ ಸಣ್ಣಗೆ ಕರಗಿ ತಂತಿಯನ್ನು ಹಿಡಿದುಕೊಂಡಿತು. ಮಾವ ಅಷ್ಟಕ್ಕೇ ಬಿಡಲಿಲ್ಲ. ಆರಿದ ಮೇಲೆ ಹಿಡಿ ಬಿಚ್ಚು ಅಂದರು, ಅರ್ಥ್ ತಂತಿ ನಿಜವಾಗಿಯೂ ಒಳಗೆ ಸೇರಿದೆಯೋ ಅಂತ ಬಗ್ಗಿ ನೋಡಿದರು, ತುದಿಯ ಬಿಟ್ ಸವೆದರೆ ಬೇರೆ ಸಿಗುತ್ತದೋ ಅಂತ ಕೇಳಿದರು.

"ಹೆಣ್ಣು ನೋಡೋಕೆ ಬಂದವರೂ ಇಷ್ಟು ನೋಡಲ್ಲ ಸಾರ್," ಅಂದ ಅಂಗಡಿಯಾತ.

"ಅದಕ್ಕೇ ಕಣಯ್ಯ ಸಂಸಾರಗಳು ಹಾಳಾಗೋದು," ಅಂದಿತು ಮೆಷಿನ್ನು. ಅವತ್ತು ಮಾವನೂ ಭುಜ ಕುಣಿಸಿ ನಕ್ಕರು. ನಗುವಾಗ ಕತ್ತಿನ ತೂತಿನಿಂದ ಬರೀ ಗಾಳಿ ಬಂತು.

ಆ ಇಪ್ಪತ್ತೈದು ವ್ಯಾಟಿನದು ಒಂದು ಸಲವೂ ಕೈಕೊಡಲಿಲ್ಲ. ತಂತಿ ಕಿತ್ತಾಗೆಲ್ಲ ನಾನು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿಕೊಂಡು ಕೂರುತ್ತಿದ್ದೆ. ಮಾವ ನೆತ್ತಿಯ ಮೇಲೆ ನಿಂತು ಕಣ್ಣು ಕೆಕ್ಕರಿಸುತ್ತಿದ್ದರು. ಬೆಸುಗೆ ಆರಿ, ದನಿ ಬಂದ ಕೂಡಲೇ, "ಎಂಜಲು ಅಂಟಿಸ್ದಂಗೆ ಅಂಟಿಸಿದ್ದೀಯ" ಅನ್ನುವರು. ನಾನೂ ಬಿಡುತ್ತಿರಲಿಲ್ಲ, "ಆ ಎಂಜಲಲ್ಲೇ ಮಾತಾಡ್ತಿರೋದು ನೀವು," ಅನ್ನುತ್ತಿದ್ದೆ. ಬಂದವರ ಮುಂದೆ ಮಾತ್ರ ನನ್ನನ್ನು ತೋರಿಸಿ, ಇವಳು ನಮ್ಮನೆ ಫಿಟರ್ ಅನ್ನುತ್ತಿದ್ದರು.

ಎರಡು ಸಾವಿರ ಇಸವಿ ದಾಟಿದ ಮೇಲೆ ರೋಗ ಮರಳಿ ಬಂತು, ಈ ಸಲ ಶ್ವಾಸಕೋಶಕ್ಕೆ. ಇನ್ನು ಏನೂ ಮಾಡುವಂತಿಲ್ಲ ಅಂತ ಡಾಕ್ಟರು ಕೈಚೆಲ್ಲಿದರು. ಅವತ್ತು ಅತ್ತೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತ ಅಂದರು, "ಒಂದಿನಕ್ಕೂ ಪಕ್ಕದಲ್ಲಿ ಕೂರ್ಸ್ಕೊಂಡು ಮಾತಾಡ್ಲಿಲ್ಲ ಕಣಮ್ಮ. ಬೈಗುಳ ಅಲ್ದೆ ಇರೋ ಒಂದು ಮಾತು. ಅದೊಂದ್ ಕೇಳ್ಬುಟ್ರೆ ಸಾಕು ನಂಗೆ."

ಆ ವರ್ಷದ ಆಯುಧಪೂಜೆಗೆ ಮಾವ ಗೋಡೆ ಹಿಡಿದುಕೊಂಡೇ ಎದ್ದು ಬಂದು ತಮ್ಮ ಸುತ್ತಿಗೆ, ಅರ, ಸ್ಪ್ಯಾನರುಗಳನ್ನು ಒರೆಸಿ ಮಣೆಯ ಮೇಲೆ ಜೋಡಿಸಿದರು. ನಡುವೆ ನನ್ನ ಐರನ್ನನ್ನೂ ಇಟ್ಟು, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಏರಿಸಿದರು. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಮಂಗಳಾರತಿಯಾಗುವ ತನಕ ಮುಟ್ಟುವಂತಿಲ್ಲ. ಬೇರೆ ದೇವರು ದಿಂಡರು ಅಂತ ತಲೆಕೆಡಿಸಿಕೊಂಡವರಲ್ಲ ಮಾವ. ಇದೊಂದರಲ್ಲಿ ಮಾತ್ರ ಬಲು ಕಟ್ಟುನಿಟ್ಟು. ವರ್ಷವೆಲ್ಲ ದುಡಿದ ಸಾಮಾನಿಗೆ ಒಂದು ದಿನ ರಜ ಕೊಡದವನು ಮನುಷ್ಯನೇ ಅಲ್ಲ ಅನ್ನುತ್ತಿದ್ದರು.

ಊಟವಾದ ಮೇಲೆ ಮಂಚದಲ್ಲಿ ಒರಗಿಕೊಂಡು ಅವರು ಮೆಷಿನ್ ಎತ್ತಿಕೊಂಡರು. "ಇವಳೇ. ಬಾ ಇಲ್ಲಿ. ಕೂತ್ಕೊ."

ಅತ್ತೆ ನನ್ನ ಮುಖ ನೋಡಿದರು. ಕೈ ಒರೆಸಿಕೊಂಡು ಹೋಗಿ ಮಂಚದ ಅಂಚಿನಲ್ಲಿ, ಎಬ್ಬಿಸಿಬಿಡುತ್ತಾರೇನೋ ಎಂಬ ಹೆದರಿಕೆಯಲ್ಲೇ ಕೂತರು.

"ನಿಂಗೊಂದ್ ಮಾತು ಹೇಳ್ಬೇಕು," ಅಂದರು ಮಾವ. ಆಮೇಲೆ ತುಟಿ ಆಡಿತು, ದನಿ ಬರಲಿಲ್ಲ.

ಓಡಿಹೋಗಿ ನೋಡಿದೆ. ಅದೇ ಹಾಳು ತಂತಿ! ಕೈಯಲ್ಲೇ ಒತ್ತಿ ಹಿಡಿಯೋಣವೆಂದರೆ ಬುಡದಲ್ಲೇ ತುಂಡಾಗಿತ್ತು. ನಾನು ಮಣೆಯ ಕಡೆ ತಿರುಗಿ ಐರನ್ನಿಗೆ ಕೈ ಹಾಕಿದ್ದೇ ತಡ, ಮಾವ ಮಂಚವನ್ನು ಬಡಿದರು. ಬೇಡ ಅಂತ ಬೆರಳಾಡಿಸಿದರು. "ಮಾವ, ನಿಮ್ಮ ದಮ್ಮಯ್ಯ, ಒಂದೇ ಬೆಸುಗೆ," ಅಂದೆ. ಮತ್ತೆ ಬಡಿದರು. ಪೇಪರ್ ಪೆನ್ನು ಕೊಟ್ಟೆ, ಪಕ್ಕಕ್ಕೆ ತಳ್ಳಿದರು. ಅತ್ತೆಗೆ ಓದಲು ಬರುವುದಿಲ್ಲ. ಅದನ್ನು ನಾನು ಓದಿ ಹೇಳುವುದು ಅವರಿಗೆ ಬೇಕಿರಲಿಲ್ಲ, ಅಷ್ಟು ನನಗೂ ಅರ್ಥವಾಯಿತು. ಟಿವಿ ರಿಪೇರಿಯವನ ಹತ್ತಿರ ಓಡೋಣವೆಂದರೆ ಅವನ ಐರನ್ನಿಗೂ ಅವತ್ತು ಅದೇ ಕುಂಕುಮ. ಮಾವ ಅತ್ತೆಯ ಕಡೆ ತಿರುಗಿ, ನಾಳೆ ಅಂತ ಕೈಸನ್ನೆ ಮಾಡಿದರು. ಅತ್ತೆ ತಲೆಯಾಡಿಸಿ, "ಅದಕ್ಕೇನಂತೆ, ನಾಳೆನೇ ಹೇಳುವ್ರಂತೆ," ಅಂದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಬೆಳಿಗ್ಗೆ ನಾನು ಮಂಗಳಾರತಿಗೆ ಬತ್ತಿ ಹೊಸೆಯುತ್ತಿದ್ದಾಗ ಮಾವನಿಗೆ ಉಸಿರು ಕಟ್ಟಿತು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೀನು ಅವತ್ತು ಐರನ್ ಎತ್ತಿಕೊಂಡುಬಿಡಬೇಕಿತ್ತು ಅಂತ ಈಗಲೂ ಹೇಳುವವರಿದ್ದಾರೆ. ಅವರು ಮಾವನ ಕಣ್ಣು ನೋಡಿದವರಲ್ಲ. ನನಗೆ ಸಿಟ್ಟಿರುವುದು ಮಾವನ ಮೇಲೇ, ಇಂದಿಗೂ. ಎಲ್ಲ ಸಾಮಾನಿಗೂ ರಜ ಕೊಡಲು ಗೊತ್ತಿದ್ದ ಮನುಷ್ಯನಿಗೆ ಹೆಂಡತಿಗೊಂದು ಮಾತು ಕೊಡಲು ಅಷ್ಟು ವರ್ಷ ಬೇಕಾಯಿತೇ?

ಹೆಣ ಎತ್ತುವ ಮುಂಚೆ ನೆಂಟರೊಬ್ಬರು, ಆ ಮೆಷಿನ್ ಅವರ ಜೊತೆಗೇ ಮಣ್ಣಿಗೆ ಹೋಗಲಿ ಅಂದರು. ಅತ್ತೆ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು. ಮಣ್ಣು ಮಾಡಿ ಎಲ್ಲರೂ ಬಂದು, ಸ್ನಾನ ಮುಗಿದು, ಮನೆ ಖಾಲಿಯಾದ ಮೇಲೆ ನನ್ನ ಮುಂದೆ ತಂದಿಟ್ಟರು. "ಇದನ್ನ ಸರಿಮಾಡ್ಕೊಡಮ್ಮ."

ಮಂಗಳಾರತಿಯಾಗದೆ ಹಾಗೇ ಉಳಿದಿದ್ದ ಮಣೆಯ ಮೇಲಿಂದ ಐರನ್ ತೆಗೆದುಕೊಂಡೆ. ಒರೆಸಿದರೂ ತುದಿಯಲ್ಲಿ ಉಳಿದಿದ್ದ ಕುಂಕುಮ ಕಾದು ಹೊಗೆಯಾಡಿತು. ತಂತಿ ಒಂದೇ ಸಲಕ್ಕೆ ಹಿಡಿಯಿತು. ಅತ್ತೆ ಮೆಷಿನ್ ತೆಗೆದುಕೊಂಡು ಮಂಚದ ಅಂಚಿನಲ್ಲಿ, ಹಿಂದಿನ ದಿನ ಕೂತಲ್ಲೇ ಕೂತು, ತಮ್ಮ ಕತ್ತಿಗೆ ಒತ್ತಿಕೊಂಡರು. ಉಸಿರು ಬಿಗಿಹಿಡಿದು ಗುಂಡಿ ಅದುಮಿದರು.

"ಇವಳೇ," ಅಂದಿತು ಮೆಷಿನ್ನು, ಮಾವನದೇ ದನಿಯಲ್ಲಿ. "ಬಾ ಇಲ್ಲಿ. ಕೂತ್ಕೊ. ನಿಂಗೊಂದ್ ಮಾತು ಹೇಳ್ಬೇಕು."

ಅಲ್ಲಿಗೆ ಅತ್ತೆಯ ತುಟಿ ನಿಂತಿತು. ಮುಂದಿನದು ಅವರಿಗೆ ಗೊತ್ತಿರಲಿಲ್ಲ. ಬೆರಳು ಮಾತ್ರ ಗುಂಡಿಯ ಮೇಲಿಂದ ಏಳಲಿಲ್ಲ, ಮೆಷಿನ್ನು ಗುಂಯ್ ಅನ್ನುತ್ತಲೇ ಇತ್ತು.