ಹೊಗೆ ಎಲ್ಲಿಗೆ ಹೋಯಿತು?

ಹೊಗೆಯೇ ಬರದ ಒಲೆಯ ಮುಂದೆ ಕೂತು ನೀವು ಯಾವತ್ತಾದರೂ ಕೆಮ್ಮಿದ್ದೀರಾ? ನಾನು ಕೆಮ್ಮಿದ್ದೇನೆ. ಹೋದ ತಿಂಗಳು, ಮೂಡಲಗಿಯಲ್ಲಿ, ನಮ್ಮ ವೈನಿಯ ಅಡುಗೆಮನೆಯಲ್ಲಿ. ಒಲೆ ಕೊಡಿಸಿದವಳೂ ನಾನೇ. ಹೀಗಾಗಿ ಕೆಮ್ಮುತ್ತ ಕೆಮ್ಮುತ್ತಲೇ ಒಲೆಯನ್ನು ಹೊಗಳಬೇಕಾದ ಪರಿಸ್ಥಿತಿ!

ವೈನಿ ಅಂದರೆ ನಮ್ಮ ಅಣ್ಣನ ಹೆಂಡತಿ, ಶಾಂತಾ. ಹನ್ನೆರಡು ವರ್ಷದಿಂದ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಇಷ್ಟು ದಿನ ಕಟ್ಟಿಗೆ ಒಲೆ. ಈಚೆಗೆ ಎದೆಯಲ್ಲಿ ಸುಂಯ್‌ಗುಟ್ಟುವ ಸಪ್ಪಳ ಶುರುವಾಯಿತು. ಗೋಕಾಕದ ಡಾಕ್ಟರು ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ನೀಲಿ ಬಣ್ಣದ ಪಂಪು ಬರೆದುಕೊಟ್ಟು, "ಕಟ್ಟಿಗಿ ಹೊಗಿ ಬಿಡಬೇಕ್ರಿ, ಇಲ್ಲಾಂದ್ರ ರೊಟ್ಟಿ ಬಿಡಬೇಕು" ಎಂದರು. ವೈನಿಗೆ ರೊಟ್ಟಿ ಬಿಡುವುದೆಂದರೆ ಉಸಿರು ಬಿಟ್ಟ ಹಾಗೆಯೇ.

ಹುಕ್ಕೇರಿಯಲ್ಲಿ ಪಾಠ ಹೇಳುವ ನಾನು ಫೋನಿನಲ್ಲಿ ಹುಡುಕಿ ಪೆಲೆಟ್ ಒಲೆ ಕಂಡುಹಿಡಿದೆ. ಕಬ್ಬಿನ ಸಿಪ್ಪೆ, ಶೇಂಗಾ ಹೊಟ್ಟು ಒತ್ತಿ ಮಾಡಿದ ಬೆರಳುದ್ದದ ಗುಳಿಗೆಗಳೇ ಇದರ ಉರುವಲು. ಕೆಳಗೊಂದು ಪುಟ್ಟ ಫ್ಯಾನು, ಹಿಂದೆ ಹೊಗೆ ಪೈಪು. ಚೆನ್ನಾಗಿ ಉರಿದರೆ ಹೊಗೆ ಬಹಳ ಕಡಿಮೆ. (ಈ "ಚೆನ್ನಾಗಿ ಉರಿದರೆ" ಎಂಬುದನ್ನು ನಾನು ಸರಿಯಾಗಿ ಓದಿಕೊಂಡಿರಲಿಲ್ಲ.)

ತಕರಾರು ಬಂದದ್ದು ಒಲೆ ಇಡಬೇಕಾದ ಮೂಲೆಯಿಂದ. ರೊಟ್ಟಿ ಬಡಿಯುವ ಕಲ್ಲು, ಕರೆಂಟಿನ ಪ್ಲಗ್ಗು, ವೈನಿ ಕೂಡುವ ಜಾಗ ಎಲ್ಲ ಅದೇ ಮೂಲೆಯಲ್ಲಿ. ಮೇಲೆ ಅಡ್ಡಡ್ಡ ಕಾಂಕ್ರೀಟ್ ಬೀಮು, ಅದರ ಮೇಲೆ ನೀರಿನ ಟಾಕಿ. ಎಡಕ್ಕೆ ದೇವರ ಜಗಲಿ. ಹಿಂದಿನ ಗೋಡೆಯಾಚೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದಿ, ಸಂದಿಯಾಚೆ ಪಕ್ಕದ ಮನೆ. ಪೈಪು ಎತ್ತ ಹೋಗಬೇಕು?

ಅಂಗಡಿಯ ಫಿಟ್ಟರ್ ಬಂದ. ಬೀಮು ತಪ್ಪಿಸಲು ಒಂದು ಬೆಂಡು, ಜಗಲಿ ತಪ್ಪಿಸಲು ಇನ್ನೊಂದು, ಬೆಳಕಿಂಡಿಯಿಂದ ಹೊರಬೀಳಲು ಮತ್ತೊಂದು. ಪೈಪು ನೋಡಿದರೆ ಇಲಿ ನುಂಗಿದ ಹಾವು ಅದನ್ನು ಅರಗಿಸಿಕೊಳ್ಳುತ್ತ ಮಲಗಿದ ಹಾಗಿತ್ತು. ಒಲೆ ಹಚ್ಚಿದೆವು. ಹೊಗೆ ಮೊದಲನೇ ಬೆಂಡಿನವರೆಗೆ ಹೋಗಿ, ಯೋಚನೆ ಮಾಡಿ, ವಾಪಸ್ ಬಂತು.

"ಪೈಪ್ ಬಿಸಿ ಆದ್ಮ್ಯಾಲ ತಾನ ಎಳೀತೈತ್ರಿ" ಎಂದು ಫಿಟ್ಟರ್ ಹೋದ. ಅವನ ಬೈಕು ತಿರುವು ದಾಟುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಅಡುಗೆಮನೆಯಲ್ಲಿ ನಾನು ವೈನಿಗೆ ಕಾಣಲಿಲ್ಲ, ವೈನಿ ನನಗೆ ಕಾಣಲಿಲ್ಲ. ಕೆಮ್ಮು ಮಾತ್ರ ಕೇಳುತ್ತಿತ್ತು.

"ಸುಧಾ, ನನ್ನ ಹಳೇ ಒಲೀನ ಚಲೋ ಇತ್ತವಾ" ಎಂದರು ವೈನಿ, ಪಂಪು ಹುಡುಕುತ್ತ.

ಆಗ ಅಣ್ಣ ಕರೆಸಿದ್ದು ಕೌಜಲಗಿಯ ಬಾಳಪ್ಪ ಕಾಕಾನನ್ನು. ಜೀವನವಿಡೀ ಬೆಲ್ಲ ಕಾಯಿಸುವ ಗಾಣಗಳಿಗೆ ಒಲೆ, ಚಿಮಣಿ ಕಟ್ಟಿದ ಮನುಷ್ಯ. ಎಪ್ಪತ್ತು ದಾಟಿದೆ. ಬರುವಾಗ ಕೈಯಲ್ಲಿ ಟೇಪಿಲ್ಲ, ಡ್ರಿಲ್ಲಿಲ್ಲ. ಒಂದು ಕಟ್ಟು ಊದಿನಕಡ್ಡಿ!

ಪೂಜೆ ಮಾಡಿಸುತ್ತಾನೇನೋ ಎಂದುಕೊಂಡೆ. ಕಾಕಾ ಒಂದು ಕಡ್ಡಿ ಹಚ್ಚಿ ಮೂಲೆಯಲ್ಲಿ ಕೂತ. ಬಾಗಿಲು ತೆರೆದು ನೋಡಿದ, ಮುಚ್ಚಿ ನೋಡಿದ. ಕಡ್ಡಿಯ ಹೊಗೆ ಬಾಗಿದ ಕಡೆಗೆ ತಾನೂ ಕತ್ತು ಬಾಗಿಸಿದ. ಹೊಗೆಗೆ ಮೂರು ಬೆಂಡು ಹತ್ತಿಸಿದರೆ ದಣಿಯುತ್ತದಂತೆ. ಹಿಂದಿನ ಗೋಡೆಗೆ ನೆಟ್ಟಗೆ ತೂತು ಹಾಕಿ, ಆಚೆ ಒಂದೇ ತಿರುವು ಕೊಟ್ಟು, ಮಾಳಿಗೆಗಿಂತ ಎತ್ತರ ಏರಿಸಿಬಿಟ್ಟರೆ ಕರೆಂಟು ಇಲ್ಲದಿದ್ದರೂ ಅದು ತಾನೇ ಹೋಗುತ್ತದಂತೆ.

"ಹಂಗಾದ್ರ ತೂತು ಹಾಕೂಣ್ರಿ" ಎಂದೆ.

"ತಡೀರಿ ಬಾಯಾರ. ಹೊರಗ ಹೋದ ಮ್ಯಾಲ ಅದು ಎಲ್ಲಿ ಕುಂಡ್ರತೈತಿ ನೋಡೂದ ಬ್ಯಾಡೇನು? ನಡೀರಿ ಬಾಜೂ ಮನಿಗೆ."

ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಳೆಯ ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಹೊರಗೆ ಹೋಯಿತೆಂದರೆ ಮುಗಿಯಿತಲ್ಲ?

ಪಕ್ಕದ ಮನೆಯ ಕಸ್ತೂರೆವ್ವ ವೈನಿಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಜಗಳಗಂಟಿಯಲ್ಲ. ಹಬ್ಬಕ್ಕೆ ಹೋಳಿಗೆ ಆಚೆಯಿಂದ ಈಚೆ, ಚಟ್ನಿಪುಡಿ ಈಚೆಯಿಂದ ಆಚೆ. ಆದರೆ ಅವರ ಹಿಂದಿನ ಕೋಣೆಗೆ ನಾವು ಹೋಗಿದ್ದು ಅವತ್ತೇ ಮೊದಲು. ಹಾಡುಹಗಲಲ್ಲಿ ಲೈಟು ಹಾಕಿಕೊಟ್ಟರು. ಸಂದಿಗೆ ತೆರೆಯುವ ಕಿಟಕಿ ಮುಚ್ಚಿತ್ತು. ಹಳೆಯ ಸೀರೆ ಹರಿದು, ಸುರುಳಿ ಸುತ್ತಿ, ಚೌಕಟ್ಟಿನ ಒಂದೊಂದು ಸೀಳಿಗೂ ತುರುಕಿದ್ದರು. ಬಟ್ಟೆಯ ತುದಿಗಳು ಮಸಿಯಿಂದ ಕಪ್ಪಾಗಿದ್ದವು.

ಕಿಟಕಿಯ ಪಕ್ಕದ ಗೂಡಿನಲ್ಲಿ ಒಂದು ನೀಲಿ ಪಂಪು.

ವೈನಿ ಅದನ್ನು ನೋಡಿದವರೇ, "ಅಯ್ಯ, ನಂದು ಇಲ್ಲಿ ಹ್ಯಾಂಗ ಬಂತು?" ಎಂದು ಕೈ ಚಾಚಿದರು.

"ಅದು ನಂದ ಐತಿ ಶಾಂತಾ" ಎಂದರು ಕಸ್ತೂರೆವ್ವ.

ಬಾಳಪ್ಪ ಕಾಕಾ ಊದಿನಕಡ್ಡಿಯನ್ನು ಹಚ್ಚದೆ ಹಾಗೇ ಹಿಡಿದುಕೊಂಡು ನಿಂತ.

ನನಗೆ ತಡೆಯಲಾಗಲಿಲ್ಲ. "ಒಂದ ಮಾತು ಹೇಳಬಾರದೇನ್ರಿ ಅವ್ವಾರ?"

"ಏನಂತ ಹೇಳಲಿ? ಹೇಳಿದ್ರ ಆಕಿ ಒಲಿ ನಿಲ್ಲತಿತ್ತು. ಇಲ್ಲಾಂದ್ರ ನಮ್ಮಿಬ್ಬರ ಮಾತು ನಿಲ್ಲತಿತ್ತು. ಎರಡೂ ಬ್ಯಾಡಂತ ಕಿಡಕಿ ಮುಚ್ಚಿದೆ."

ವೈನಿಗೆ ಅಳು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಸಿಟ್ಟು. "ಅಂದ್ರ ನಾ ಅಷ್ಟ ಕೆಟ್ಟಾಕೀ ಏನ ಅಕ್ಕಾ? ಹೇಳಿದ್ರ ಮಾತು ಬಿಡಾಕಿ ಏನ ನಾನು?" ಎಂದು ದಡದಡ ಮನೆಗೆ ಬಂದುಬಿಟ್ಟರು. ಬಂದವರೇ ಫೋನು ತೆಗೆದು ಒಂದೊಂದೇ ಖಾನಾವಳಿಗೆ ಹೇಳಿದರು: ಪೈಪು ಕೂಡುವ ತನಕ ರೊಟ್ಟಿ ಇಲ್ಲ. ಯಾರೋ ಆ ಕಡೆಯಿಂದ ಹಳೇ ಒಲೆ ಹಚ್ಚಿರಿ ಎಂದಿರಬೇಕು. "ಅದನ್ನ ಒಡದ ಬಿಟ್ಟೇನ್ರಿ" ಎಂದರು. ಆಗಿನ್ನೂ ಒಡೆದಿರಲಿಲ್ಲ. ಫೋನಿಟ್ಟ ಮೇಲೆ ಒಡೆದರು.

ಇನ್ನೊಂದು ತೊಡಕಿತ್ತು. ನಮ್ಮ ಗೋಡೆಯ ಹೊರಮೈಯಲ್ಲಿ ಮಳೆನೀರಿಗೆಂದು ಮಾಡಿದ ಚಾಚು ಅಡ್ಡ ಬರುತ್ತದೆ. ಪೈಪು ನೆಟ್ಟಗೆ ಏರಬೇಕಾದರೆ ಅದನ್ನು ಕಸ್ತೂರೆವ್ವನ ಗೋಡೆಗೇ ಬಿಗಿಯಬೇಕು. ಒಬ್ಬರ ಗೋಡೆಗೆ ಇನ್ನೊಬ್ಬರು ಮೊಳೆ ಹೊಡೆಯುವುದೆಂದರೆ ನಮ್ಮ ಕಡೆ ಏನರ್ಥ ಅಂತ ನಿಮಗೆ ಗೊತ್ತಲ್ಲ? ಕೋರ್ಟು ಕಂಡ ಗೋಡೆಗಳಿವೆ.

ಕೇಳಲು ವೈನಿಯೇ ಹೋದರು. ನಾನು ಹಿಂದೆ. ಕಸ್ತೂರೆವ್ವನ ಯಜಮಾನರು ಪೇಪರಿನಿಂದ ತಲೆ ಎತ್ತಿ, "ನಮ್ಮ ಗ್ವಾಡಿಗೆ ನಿಮ್ಮ ಪೈಪೇನ್ರಿ? ಅದ್ಹ್ಯಾಂಗ ಆಕ್ಕೈತಿ?" ಎಂದರು.

ಒಳಗಿನಿಂದ ಕಸ್ತೂರೆವ್ವನ ದನಿ: "ಹೊಗಿ ಒಳಗ ಬರೂಮುಂದ ಗ್ವಾಡಿ ನೆನಪಾಗಲಿಲ್ಲ, ಈಗ ನೆನಪಾತೇನ್ರಿ?"

ಯಜಮಾನರು ಪೇಪರಿನೊಳಕ್ಕೆ ಹೋದರು.

ಕಾಕಾ ಎರಡು ದಿನ ಕೆಲಸ ಮಾಡಿದ. ಗೋಡೆಯಲ್ಲಿ ಪೈಪಿಗಿಂತ ದೊಡ್ಡ ತೂತು ಕೊರೆದು, ಬಿಸಿ ತಾಗದಂತೆ ನಡುವೆ ತಗಡಿನ ಬಳೆ ಕೂಡಿಸಿದ. ಆಚೆ ಒಂದೇ ತಿರುವು. ಕಸ್ತೂರೆವ್ವನ ಗೋಡೆಯಿಂದ ಗೇಣು ದೂರಕ್ಕೆ ಕಬ್ಬಿಣದ ತೋಳುಗಳನ್ನು ಚಾಚಿ ಪೈಪು ನಿಲ್ಲಿಸಿದ. ಎರಡೂ ಮಾಳಿಗೆಗಿಂತ ಮೇಲಕ್ಕೆ ಏರಿಸಿ, ತಲೆಗೆ ತಗಡಿನ ಟೊಪ್ಪಿಗೆ ಇಟ್ಟ. ಒಲೆ ಹಚ್ಚಿದಾಗ ಬೇಕಂತಲೇ ಫ್ಯಾನಿನ ಸ್ವಿಚ್ ಆರಿಸಿದ. ನಾನು ಮೂಗು ಮುಚ್ಚಿಕೊಂಡೆ. ಹೊಗೆ ಈ ಕಡೆ ತಲೆ ಹಾಕಲಿಲ್ಲ. ಪೈಪಿನೊಳಗೆ ಗುಂಯ್ ಎಂದು ಸಪ್ಪಳ ಮಾಡುತ್ತ ಹೊರಟುಹೋಯಿತು.

ಮೊದಲ ರೊಟ್ಟಿಯನ್ನು ವೈನಿ ಪಕ್ಕದ ಮನೆಗೆ ಒಯ್ದರು. ಕಸ್ತೂರೆವ್ವ ಬಟ್ಟೆ ಕಿತ್ತು ಕಿಟಕಿ ತೆರೆಯಲು ಒದ್ದಾಡುತ್ತಿದ್ದರು. ಇಬ್ಬರೂ ಸೇರಿ ದಬ್ಬಿದ ಮೇಲೆ ತೆರೆಯಿತು. ಮಾತು ಮೊದಲಿನಷ್ಟು ಸರಾಗವಿರಲಿಲ್ಲ. ವೈನಿಗೆ ಇನ್ನೂ ಸಿಟ್ಟಿದೆ. ತನ್ನ ಮೇಲೋ, ಅವರ ಮೇಲೋ, ಕೇಳಿದರೆ ಹೇಳುವುದಿಲ್ಲ. ಆದರೆ ದಿನಾ ಒಮ್ಮೆ ಆ ಕೋಣೆಗೆ ಹೋಗಿ ಮೂಸಿ ಬರುತ್ತಾರಂತೆ, ಅಣ್ಣ ಹೇಳಿದ.

ಹುಕ್ಕೇರಿಗೆ ವಾಪಸ್ ಬಂದವಳು ನನ್ನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಎತ್ತ ಮುಖ ಮಾಡಿದೆ ಎಂದು ಮೊದಲ ಸಲ ಹೊರಗೆ ನಿಂತು ನೋಡಿದೆ. ನೇರ ಮೇಲಿನ ಮನೆಯವರು ಬಟ್ಟೆ ಒಣಹಾಕುವ ಹಗ್ಗಕ್ಕೆ! ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿದೆ. "ನಮ್ಮ ಒಗ್ಗರಣಿ ಘಾಟಿನಿಂದ ನಿಮಗ ತ್ರಾಸ ಆಗೂದಿಲ್ಲೇನ್ರಿ?"

ಮನೆಯೊಡತಿ ಜೋರಾಗಿ ನಕ್ಕರು. "ಏ, ಇಲ್ಲಬಿಡ್ರಿ ಮೇಡಂ. ಘಮ್ ಅಂತ ವಾಸನಿ ಬರತೈತಿ, ಹಸಿವಿ ಆಕ್ಕೈತಿ ಅಷ್ಟ."

ನಾನೂ ನಕ್ಕು ಕೆಳಗಿಳಿದೆ. ಅವರು ಹೇಳಿದ್ದು ಖರೆಯೋ, ಮರ್ಯಾದೆಯೋ?