ಗ್ರೂಪ್ ಫೋಟೋದ ನಡುವಿನ ಜಾಗ

ಒಂದೇ ಒಂದು ಗ್ರೂಪ್ ಫೋಟೋ ತೆಗೆಯಲು ನನ್ನನ್ನು ಬೆಳಗಾವಿಯಿಂದ ಖಾನಾಪುರದ ಪಕ್ಷದ ಕಚೇರಿಗೆ ಕರೆಸಿದ್ದರು. ಪಕ್ಷ ಕಟ್ಟಿದ ಹಿರಿಯರ ತತ್ವ ಇದ್ದ ಹಾಗೇ ಇರಲಿ ಅಂತ ಒಂದು ಬಣ, ಕಾಲಕ್ಕೆ ತಕ್ಕಂತೆ ತಿದ್ದೋಣ ಅಂತ ಇನ್ನೊಂದು. ಈಗ ಎಲ್ಲರೂ ಒಂದಾಗಿದ್ದಾರೆ ಅಂತ ಪೇಪರಿನಲ್ಲಿ ಬರಬೇಕಿತ್ತು.

ಕ್ಯಾಮೆರಾ ಹೊಂದಿಸುತ್ತಿದ್ದೆ. 'ಇದ್ದ ಹಾಗೇ ಇರಲಿ' ಬಣದ ಯಜಮಾನರು ಕಿವಿಯ ಹತ್ತಿರ ಬಂದರು. "ನಡುವ ಸ್ವಲ್ಪ ಜಾಗಾ ಬಿಡಸ್ರಿ. ನಾಳೆ ಕತ್ತರಿ ಹಾಕೂದು ಬಂದ್ರ ಅನುಕೂಲ ಆಗತೈತಿ."

ಅವರು ಹೋದರು, ತಿದ್ದುವ ಬಣದ ಯಜಮಾನರು ಬಂದರು. ಅದೇ ಮಾತು!

ತಲೆ ಕೆಟ್ಟು, "ಈ ಕಡೆಯವ್ರು ಈ ಕಡೆ, ಆ ಕಡೆಯವ್ರು ಆ ಕಡೆ ಒಂದ್ ಹೆಜ್ಜಿ ಸರೀರಿ" ಎಂದೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ನಡುವೆ ಗೋಡೆ ಕಾಣಿಸಿತು. ಗೋಡೆಯ ಮೇಲೆ ಮಾಲೆ ಹಾಕಿದ ಆ ಹಿರಿಯರ ಭಾವಚಿತ್ರ.

ವಾರದೊಳಗೆ ಇಬ್ಬರೂ ಯಜಮಾನರ ಫೋನು ಬಂತು. "ನಮ್ಮ ಅರ್ಧಾ ಅಷ್ಟ ಕಳಸ್ರಿ."

"ನಡುವಿನ ಹಿರಿಯರು ಯಾರ ಕಡೆರೀ?" ಎಂದು ಇಬ್ಬರನ್ನೂ ಕೇಳಿದೆ.

"ಅವರು ಇರಲಿ ಬಿಡ್ರಿ, ನಮ್ಮ ಮಂದಿ ಪೂರ್ತಿ ಬಂದ್ರ ಸಾಕು" ಎಂದರು, ಇಬ್ಬರೂ.

ತತ್ವ ಕೊನೆಗೆ ಯಾರ ಪಾಲಾಯಿತೋ ನನಗಿನ್ನೂ ತಿಳಿಯದು. ಹಿರಿಯರು ಮಾತ್ರ ಮಾಲೆ ಸಮೇತ ನನ್ನ ಕಂಪ್ಯೂಟರಿನಲ್ಲೇ ಉಳಿದಿದ್ದಾರೆ.