ತಿದ್ದಿದ ರೋಗ

ಸಾತನೂರಿನ ಚಿಕ್ಕತಾಯಮ್ಮ ಮೂವತ್ತು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದಳು. ವಾರದೊಳಗೆ ಹುಳುಮನೆಯನ್ನೇ ಖಾಲಿ ಮಾಡುವ ಹಾಲುರೋಗಕ್ಕೆ ಹೆದರಿದಷ್ಟು ಅವಳು ಇನ್ಯಾವುದಕ್ಕೂ ಹೆದರಿದವಳಲ್ಲ. ಸ್ವಂತ ಅಳಿಯ ಬಂದರೂ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದದೆ ಹೊಸಿಲು ದಾಟುವಂತಿರಲಿಲ್ಲ.

ಅಂಥವಳ ಅಂಗಳಕ್ಕೆ ಲಸಿಕೆ ಕಂಪನಿಯ ಹುಡುಗಿಯೊಬ್ಬಳು ಹುಳು ಕೇಳಿಕೊಂಡು ಬಂದಳು. ಹಾಲುರೋಗದ ವೈರಸ್ಸನ್ನೇ ತಿದ್ದಿ ಹುಳುವಿಗೆ ಚುಚ್ಚಿದರೆ, ಲಸಿಕೆಗೆ ಬೇಕಾದ ಪ್ರೋಟೀನ್ ಅದರ ಮೈಯಲ್ಲೇ ತಯಾರಾಗುತ್ತದಂತೆ.

“ತಿದ್ದುದ್ರೆ ಅದ್ಕೆ ಬುದ್ಧಿ ಬಂದ್ಬುಡ್ತದಾ?” ಎಂದಳು ಚಿಕ್ಕತಾಯಮ್ಮ. “ಚುಚ್ಚುದ್ಮೇಲೆ ಹುಳ ಗೂಡು ಕಟ್ತದಾ?”

“ಇಲ್ಲಮ್ಮ, ಐದು ದಿನಕ್ಕೆ ಸಾಯುತ್ತೆ.”

“ನೀನೀಗ ಎಲ್ಲಿಂದ ಬಂದೆ?”

“ನೇರ ಲ್ಯಾಬಿನಿಂದಲೇ,” ಎಂದಳು ಹುಡುಗಿ ಹೆಮ್ಮೆಯಿಂದ.

ಚಿಕ್ಕತಾಯಮ್ಮ ಒಳಗೆ ಹೋದಳು. ಸತ್ತ ಹುಳುಗಳನ್ನು ಹೂಳುವಾಗ ಸುರಿಯುವ ಸುಣ್ಣದ ಬುಟ್ಟಿ ತಂದು, ಹುಡುಗಿ ನಿಂತಿದ್ದ ಜಾಗದ ಸುತ್ತ ಸುರಿಯತೊಡಗಿದಳು.